ಹಲಗೆಯ ತಳದ ಬರಹ

ಆಚಾರ್ರ ಬಲಗೈ ಹೆಬ್ಬೆರಳಿನ ಉಗುರು ಎತ್ತಿನ ಕೊಂಬಿನ ಚೂರಿನಂತಿತ್ತು. ದಪ್ಪ, ಹಳದಿ, ತುದಿಯಲ್ಲಿ ಕೊಂಚ ಬಾಗಿದ್ದು. ಉಳಿದ ಒಂಬತ್ತನ್ನೂ ಬುಡಮಟ್ಟ ಕತ್ತರಿಸಿಕೊಳ್ಳುತ್ತಿದ್ದ ಮನುಷ್ಯ ಅದೊಂದನ್ನು ಮಾತ್ರ ಬೆಳೆಸಿಕೊಂಡಿದ್ದರು. ಯಾರು ಯಾವ ಹಳೇ ಮರದ ಸಾಮಾನು ತಂದರೂ ಮೊದಲು ಅದನ್ನು ಬೋರಲು ಹಾಕಿ, ತಳದ ಒಂದು ಮೂಲೆಯನ್ನು ಆ ಉಗುರಿನಿಂದ ಕೆರೆದು, ಮೂಗಿಗೆ ಹಿಡಿಯುತ್ತಿದ್ದರು. "ಅಲಸು." "ತ್ಯಾಗದ ಮರ." "ಇದು ಬೀಟೆ ಅಲ್ಲ, ಬೀಟೆ ಬಣ್ಣ." ಅಷ್ಟೇ ಮಾತು.

ಮದ್ದೂರು ಸ್ಟೇಷನ್ ಕಡೆಯ ಗಲ್ಲಿಯಲ್ಲಿ ಅವರ ಅಂಗಡಿ. ಕಾಲು ಮುರಿದ ಮಂಚ, ತೊಟ್ಟಿಲು, ಕದ ಕಳೆದುಕೊಂಡ ಬಾಗಿಲುವಾಡ, ಇವುಗಳ ರಿಪೇರಿ ಅವರ ಹೊಟ್ಟೆಪಾಡು. ಆದರೆ ಜನ ಅವರನ್ನು ಹುಡುಕಿಕೊಂಡು ಬರುತ್ತಿದ್ದದ್ದು, ಅಟ್ಟದ ಮೇಲೆ ಸಿಕ್ಕ ಸಾಮಾನು ಏನು, ಎಲ್ಲಿಯದು ಎಂದು ಕೇಳುವುದಕ್ಕೆ. ಮೊಬೈಲಿನಲ್ಲಿ ಫೋಟೋ ತೋರಿಸಿದರೆ ಮುಖ ತಿರುಗಿಸುತ್ತಿದ್ದರು. "ಫೋನ್ ಮೂಸುದ್ರೆ ಏನ್ ಗೊತ್ತಾಯ್ತದೆ? ಸಾಮಾನು ತನ್ನಿ."

ನಾನು ಹತ್ತಿರದ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಿದ್ದೆ. ಸಂಜೆ ನಮ್ಮೂರು ಕೊಪ್ಪದ ಬಸ್ಸಿಗೆ ಹೊತ್ತಿದ್ದರೆ ಅವರ ಅಂಗಡಿಯ ಬೆಂಚಿನ ಮೇಲೆ ಹೋಗಿ ಕೂರುತ್ತಿದ್ದೆ. ಆ ಬೆಂಚು ಸದಾ ಅಲ್ಲಾಡುತ್ತಿತ್ತು. ಯಾವ ಕಾಲದ್ದೋ ಹಳೇ ಬೆಂಚು, ಅದಕ್ಕೇ ಸರಿಮಾಡದೆ ಹಾಗೇ ಇಟ್ಟಿದ್ದಾರೆ ಎಂದುಕೊಂಡಿದ್ದೆ.

ಒಮ್ಮೆ ಮಂಡ್ಯದವರೊಬ್ಬರು ಕುರ್ಚಿಯೊಂದನ್ನು ಆಟೋದಲ್ಲಿ ತಂದು, ಇದು ಮೈಸೂರು ಅರಮನೆಯದು, ನಮ್ಮ ಮುತ್ತಾತನಿಗೆ ಇನಾಮು ಬಂದದ್ದು ಎಂದರು. ಆಚಾರ್ರು ಮಗುಚಿದರು. ಸೀಟಿನ ಅಡಿಯಲ್ಲಿ ಗರಗಸದ ಗೆರೆ ಬಿಲ್ಲಿನಂತೆ ಬಾಗಿತ್ತು. "ಕೈಗರಗಸ ನೆಟ್ಟಗೆ ಗೀರ್ತದೆ ಸ್ವಾಮಿ. ಇದು ಮಿಲ್ಲಿನ ಚಕ್ರ ಕುಯ್ದಿರೋದು. ನಮ್ ಜಿಲ್ಲೇಲಿರೋ ಅರಮನೆ ಕುರ್ಚಿ ಎಲ್ಲಾ ಕೂಡಾಕಿದ್ರೆ, ಅರಮನೇಲಿ ಮಾರಾಜ್ರು ನಿಂತ್ಕಳಾಕೂ ಜಾಗ ಇರ್ತಿರ್ಲಿಲ್ಲ." ಅವರು ಹೋದಮೇಲೆ ನನಗೆ ಹೇಳಿದರು: "ಮ್ಯಾಲೆ ಎಲ್ಲಾರೂ ಪಾಲಿಸ್ ಒಡೀತಾರೆ ಕಣವ್ವಾ. ತಳಕ್ಕೆ ಯಾರೂ ಒಡೆಯಾಕಿಲ್ಲ."

ತಳಕ್ಕೆ ಅವರು ಇನ್ನೊಂದು ಕೆಲಸ ಮಾಡುತ್ತಿದ್ದರು. ಕಿವಿಯ ಮೇಲಿನ ಪೆನ್ಸಿಲು ತೆಗೆದು, ಯಾರೂ ನೋಡದ ಆ ಜಾಗದಲ್ಲಿ ತಮಗೆ ತಿಳಿದದ್ದನ್ನು ಬರೆಯುತ್ತಿದ್ದರು. ಇದು ಇಂಥ ಸಾಮಾನು, ಇಂಥ ಊರಿನದು, ಹೀಗೆಂದು ಹೇಳಿದವರು ಇಂಥವರು. ಗೊತ್ತಾಗದಿದ್ದರೆ "ತಿಳೀದು" ಎಂದು ಬರೆಯುತ್ತಿದ್ದರು. ಎಷ್ಟೋ ಮನೆಯವರಿಗೆ ತಮ್ಮ ಮಂಚದ ಅಡಿಯಲ್ಲಿ ಅಂಥ ಬರಹವಿದೆ ಎಂದು ಇವತ್ತಿಗೂ ತಿಳಿದಿರಲಾರದು.

ನಮ್ಮ ಮನೆಯ ಹಳೇ ಕೊಟ್ಟಿಗೆ ಕೆಡವಿದಾಗ ಅಟ್ಟದಲ್ಲಿ ಒಂದು ಹಲಗೆ ಸಿಕ್ಕಿತು. ಒಂದು ಮಾರು ಉದ್ದ, ನಾಲ್ಕು ಬೆರಳು ದಪ್ಪ. ಒಂದು ಅಂಚಿನುದ್ದಕ್ಕೂ ಅರ್ಧಚಂದ್ರನಂತೆ ಕಡಿದ ನಾಲ್ಕು ಕಚ್ಚು. ಎರಡು ತುದಿಯಲ್ಲೂ ತುಕ್ಕು ಹಿಡಿದ ಮೊಳೆಯ ತೂತು. ಅಂಗಡಿಗೆ ಒಯ್ದಾಗ ಆಚಾರ್ರು ಕೆರೆದು ಮೂಸಿದರು. "ಕರಿಜಾಲಿ. ಗ್ವಾಡೆಗೆ ಒಡ್ದು, ಗುಂಡು ತಳದ ಮೊಸರು ಕುಡಿಕೆ ಉಳ್ಳದಂಗೆ ಇಡ್ತಿದ್ದಿದ್ದು. ನಿಮ್ದು ಪಟೇಲರ ಮನೆ, ಆಳುಕಾಳು ಜಾಸ್ತಿ. ಮಜ್ಜಿಗೆ ಉಯ್ಯಾಕೆ ಇಟ್ಟಿರಬೇಕು." ತಳದಲ್ಲಿ "ಕುಡಿಕೆ ಹಲಗೆ, ಕೊಪ್ಪ" ಎಂದು ಬರೆದರು.

ಅದನ್ನು ನಡುಮನೆಯಲ್ಲಿಟ್ಟು ನಾಲ್ಕು ಕುಡಿಕೆ ಜೋಡಿಸಿದೆ. ಅಪ್ಪನಿಗೆ ಖುಷಿಯೋ ಖುಷಿ. ಮೊದಮೊದಲು ಬಂದವರಿಗೆ "ಇದ್ರಲ್ಲಿ ಕುಡಿಕೆ ಇಡ್ತಿದ್ರಂತೆ" ಎನ್ನುತ್ತಿದ್ದರು. ವರ್ಷ ಕಳೆಯುವುದರೊಳಗೆ "ಅಂತೆ" ಬಿದ್ದುಹೋಯಿತು. "ನಮ್ಮಜ್ಜಿ ಇದ್ರ ಮುಂದೆ ಕುಂತ್ಕಂಡು ಆಳುಗೋಳಿಗೆಲ್ಲ ಕೈಯಾರೆ ಮಜ್ಜಿಗೆ ಉಯ್ತಿದ್ಲು. ಧರ್ಮದ ಮನೆ ಕಣಪ್ಪ ಇದು." ಅವರ ಅಜ್ಜಿಯನ್ನು ಅಪ್ಪ ಕಣ್ಣಾರೆ ಕಂಡವರಲ್ಲ.

ಎರಡು ವರ್ಷ ಕಳೆದಿರಬೇಕು. ಒಂದು ಭಾನುವಾರ ಮಟಮಟ ಮಧ್ಯಾಹ್ನ ಆಚಾರ್ರು ಬಸ್ಸಿಳಿದು ನಮ್ಮ ಮನೆಗೇ ಬಂದರು. ನೀರು ಕೊಟ್ಟರೆ ಮುಟ್ಟಲಿಲ್ಲ.

"ಮೇಡಮ್ಮೋರೇ, ತಪ್ಪೇಳ್ಬುಟ್ಟಿದ್ದೆ. ಅದು ಕುಡಿಕೆ ಹಲಗೆ ಅಲ್ಲ."

"ಮತ್ತೇನು?"

"ಕೋಳ. ಕಾಲಿಗೆ ಆಕೋ ಕೋಳ. ಇದು ಕೆಳಗಿನರ್ಧ. ಮ್ಯಾಗಿನರ್ಧ ಇಲ್ಲ."

ಮಳವಳ್ಳಿ ಕಡೆ ಪೂರಿಗಾಲಿಯಲ್ಲಿ ಒಂದು ಮನೆಯ ಬಾಗಿಲು ರಿಪೇರಿಗೆ ಹೋಗಿದ್ದರಂತೆ. ಆ ಮನೆಯ ಗೋಡೆಗೆ ಅಂಥದೇ ಎರಡು ಹಲಗೆ, ಕಬ್ಬಿಣದ ಕೀಲಿನಿಂದ ಒಂದರ ಮೇಲೊಂದು ಕೂಡಿಸಿದ್ದು, ತೂಗುಹಾಕಿತ್ತು. ಆ ಮನೆಯ ಮುದುಕಿ ಹೇಳಿದರಂತೆ: "ನಮ್ ತಾತನ ಕಾಲು ಕಚ್ಕಂಡಿದ್ದು ಕಣಪ್ಪ. ಒಂದಿನ ಕೂಲಿಗೆ ಓಗ್ನಿಲ್ಲ ಅಂತ ಅವರೂರ ಪಟೇಲ ಬಿಸಲಲ್ಲಿ ಕೂರುಸ್ದ. ಮೊಮ್ಮಕ್ಕಳು ಓದ್ಕಂಡವ್ರೆ, ನೋಡ್ಲಿ ಅಂತ ಮಡಗಿವ್ನಿ."

ಜಗಲಿಯಲ್ಲಿದ್ದ ಅಪ್ಪ ಎದ್ದು ಒಳಗೆ ಬಂದರು. "ಏನಯ್ಯಾ ಆಚಾರಿ, ನನ್ನ ಮನೇಲಿ ನಿಂತ್ಕಂಡು ನಮ್ ಇರೀಕರನ್ನ ಬಯ್ತಿದ್ದೀಯಾ?"

"ಬಯ್ತಿಲ್ಲ ಗೌಡ್ರೇ. ನಾನ್ ಏಳಿದ್ದ ಸುಳ್ಳನ್ನ ವಾಪಸ್ ತಕ್ಕಂಡೋಗಾಕೆ ಬಂದಿವ್ನಿ."

"ನಮ್ಮಜ್ಜಿ ಮಜ್ಜಿಗೆ ಉಯ್ತಿದ್ದಿದ್ದು ಸುಳ್ಳಾ?"

"ಯಾರೇಳಿದ್ರು ನಿಮ್ಗೆ?"

ಅಪ್ಪ ಹಲಗೆಯ ಕಡೆ ತಿರುಗಿದರು.

"ನಾನೇ ಅಲ್ವರಾ ಏಳಿದ್ದು?" ಎಂದರು ಆಚಾರ್ರು.

ಆಮೇಲೆ ಕುಡಿಕೆಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟು ಹಲಗೆಯನ್ನು ತೋರಿಸಿದರು. ಕಚ್ಚುಗಳು ಎರಡು ಹತ್ತಿರ, ಆಮೇಲೆ ದೊಡ್ಡ ಜಾಗ, ಮತ್ತೆ ಎರಡು ಹತ್ತಿರ. "ಕುಡಿಕೆ ಯಾಕ್ರಾ ಜೋಡಿ ಜೋಡಿ ಕುಂತ್ಕತ್ತವೆ? ಜೋಡಿ ಇರೋದು ಕಾಲು. ಇದು ಅವತ್ತೇ ನನ್ ಕಣ್ಣಿಗೆ ಬೀಳ್ಬೇಕಾಗಿತ್ತು. ದೊಡ್ಡ ಮನೆ ಸಾಮಾನು ಅಂದ್ಕಂಡು ವಳ್ಳೇದೇ ಊಹೆ ಮಾಡ್ದೆ." ನೆಲದ ಮೇಲೆ ಕೂತು, ಪಂಚೆ ಎತ್ತಿ, ತಮ್ಮ ಎರಡೂ ಕಾಲನ್ನು ಕಚ್ಚಿಗಿಟ್ಟರು. ಅಳತೆ ತೆಗೆದು ಮಾಡಿಸಿದಂತೆ ಕೂತವು.

"ನೀರೊಲೆಗೆ ಆಕು ಅದನ್ನ" ಎಂದು ಅಪ್ಪ ನನಗೆ ಹೇಳಿ ಹೊರಗೆ ಹೋದರು.

ಆಚಾರ್ರು ಹಲಗೆ ಬೋರಲು ಹಾಕಿದರು. ಹಳೇ ಬರಹವನ್ನು ಉಗುರಿನಿಂದ ಕೆರೆದು ಅಳಿಸುತ್ತಾರೆಂದುಕೊಂಡೆ. ಅಳಿಸಲಿಲ್ಲ. ಓದಲು ಬರುವಂತೆ ಅದರ ಮೇಲೊಂದು ಗೆರೆ ಎಳೆದು, ಕೆಳಗೆ ಬರೆದರು: "ಕೋಳ. ಮೊದಲು ತಪ್ಪು ಹೇಳಿದ್ದೆ." ಆಮೇಲೆ ಆ ನೀರು ಕುಡಿದು, "ಸುಡೋದು ಬುಡೋದು ನಿಮಗೆ ಸೇರಿದ್ದು" ಎಂದು ಹೊರಟರು.

ಅವತ್ತು ಸಂಜೆ ನಾನು ಡೈರಿಗೆ ಹಾಲು ಹಾಕಿ ಬಂದಾಗ ಅಪ್ಪ ನಡುಮನೆಯಲ್ಲಿ ನೆಲದ ಮೇಲೆ ಕೂತಿದ್ದರು. ಕಾಲು ಕಚ್ಚಿನಲ್ಲಿತ್ತು. "ಮಂಡಿ ಮಡಿಸಾಕಾಗಾಕಿಲ್ಲ ಕಣವ್ವಾ" ಎಂದರು. ಎದ್ದೇಳಲು ಕೈ ಕೊಟ್ಟೆ.

ಹಲಗೆ ಒಲೆಗೆ ಹೋಗಲಿಲ್ಲ. ಕುಡಿಕೆಗಳು ಅಡುಗೆಮನೆಗೆ ಹೋದವು. ಈಗ ಯಾರಾದರೂ ಕೇಳಿದರೆ ಅಪ್ಪ, "ಕೋಳ. ನಮ್ಮೋರೇ ಮಾಡ್ಸಿದ್ದು" ಎನ್ನುತ್ತಾರೆ. ಧರ್ಮದ ಮಾತು ಎತ್ತುವುದಿಲ್ಲ. ನಾನು ಸಮಾಜ ಪಾಠಕ್ಕೆ ಒಂದು ಸಲ ಅದನ್ನು ಶಾಲೆಗೆ ಹೊತ್ತುಕೊಂಡು ಹೋಗಿದ್ದೆ. ಪುಸ್ತಕದ ಒಂದು ಪುಟ ನಂಬುವ ಮೊದಲು ಅದರ ಇನ್ನೊಂದು ಮಗ್ಗುಲನ್ನು ನೋಡಬೇಕೆಂಬುದನ್ನು ನಾನು ಕಲಿತದ್ದು ಯಾವ ಟ್ರೈನಿಂಗಿನಲ್ಲೂ ಅಲ್ಲ.

ಆಚಾರ್ರು ಹೋದ ವರ್ಷ ತೀರಿಕೊಂಡರು. ತಿಥಿಗೆ ಹೋದಾಗ ಅಂಗಡಿಯ ಬೆಂಚನ್ನು ಮನೆ ಮುಂದೆ ಹಾಕಿದ್ದರು. ಕೂತೆ, ಅಲ್ಲಾಡಿತು. ಇಷ್ಟು ವರ್ಷ ಅದರ ವಯಸ್ಸನ್ನು ನಾನು ಅವರನ್ನು ಕೇಳಿಯೇ ಇರಲಿಲ್ಲ. ಊಟಕ್ಕೆ ಎಲ್ಲರೂ ಎದ್ದಮೇಲೆ ಬೆಂಚನ್ನು ಬೋರಲು ಹಾಕಿದೆ. ಅದೇ ಪೆನ್ಸಿಲಿನ ದಪ್ಪ ಅಕ್ಷರ:

"ನಾನು ಮಾಡಿದ್ದು. ಬಲಗಡೆ ಕಾಲು ಗಿಡ್ಡ."