ಬ್ರೇಕ್ ಕಲ್ಲೇಶಪ್ಪನ ಕೆಂಪು ಎಣ್ಣೆ

ಮುತ್ತಿನಕೊಪ್ಪದಲ್ಲಿ ಇಳಿದು ಕಲ್ಲೇಶಪ್ಪನ ಗ್ಯಾರೇಜ್ ಎಲ್ಲಿ ಎಂದು ಕೇಳಿದರೆ ಯಾವ ಕಲ್ಲೇಶಪ್ಪ ಎನ್ನುತ್ತಾರೆ. ಬ್ರೇಕ್ ಕಲ್ಲೇಶಪ್ಪ ಎಂದು ಕೇಳಬೇಕು. ಆಗ ಬಸ್ಸಿಗೆ ಕಾಯುತ್ತ ಕೂತ ಅಜ್ಜಿ ಕೂಡ ಕೈ ತೋರಿಸುತ್ತಾಳೆ. ಮೂವತ್ತೆರಡು ವರ್ಷದಿಂದ ಆತನ ಕೆಲಸ ಜೀಪಿನ ಬ್ರೇಕು. ಇಂಜಿನ್ನು ಬೇರೆಲ್ಲಿ ಬಿಚ್ಚಿಸಿದರೂ ಬ್ರೇಕಿಗೆ ಮಾತ್ರ ಕಮ್ಮರಡಿಯಿಂದಲೂ ಅಡ್ಡಗದ್ದೆಯಿಂದಲೂ ಜನ ಇಲ್ಲಿಗೇ ಬರುತ್ತಾರೆ. ಬಂದವರು ಬೈಸಿಕೊಂಡೇ ಹೋಗುತ್ತಾರೆ, ಅದು ಬೇರೆ ಮಾತು. ಕಲ್ಲೇಶಪ್ಪನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ.

ಬ್ರೇಕಿನ ಪೈಪಿನೊಳಗೆ ಗಾಳಿ ಸೇರಿದರೆ ಪೆಡಲ್ ಮೆತ್ತಗಾಗುತ್ತದೆ, ಗಾಡಿ ನಿಲ್ಲುವುದಿಲ್ಲ. ಆ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಮೇಲೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಬುಡದಲ್ಲಿ ಮಲಗಿ ನಿಪ್ಪಲ್ ಎನ್ನುವ ಸಣ್ಣ ತಿರುಪು ಸಡಿಲಿಸಿ ಗುಳ್ಳೆಗಳನ್ನು ಎಣ್ಣೆಯ ಸಮೇತ ಹೊರಗೆ ಬಿಡಬೇಕು. ಕಲ್ಲೇಶಪ್ಪನ ಗ್ಯಾರೇಜಿನಲ್ಲಿ ಮೇಲೆ ಕೂರುವವಳು ಯಾವತ್ತೂ ಅವನ ಹೆಂಡತಿ ಪ್ರೇಮಕ್ಕ. ಹೆಂಚಿನ ಮೇಲೆ ರೊಟ್ಟಿ ಇದ್ದರೂ ಸರಿ, "ಪ್ರೇಮಾ, ಕಾಲು!" ಎಂದು ಕೂಗು ಬಿದ್ದರೆ ಸೆರಗಿಗೆ ಕೈ ಒರೆಸುತ್ತ ಬಂದು ಜೀಪು ಹತ್ತಬೇಕು. "ಒತ್ತು. ಹಿಡಿ. ಬಿಡು." ಮೂವತ್ತೆರಡು ವರ್ಷ ಇದೇ ಸಂಸಾರ. ಕೊನೆಗೆ ಅವಳು "ಗಾಳಿ ಹೋಯ್ತು" ಎನ್ನುತ್ತಾಳೆ. ಎಂದಳೋ, ಕೆಲಸ ಮುಗಿಯಿತು. ಅವಳ ಕಾಲು ಇದುವರೆಗೆ ತಪ್ಪು ಹೇಳಿದ್ದಿಲ್ಲ.

ಆಮೇಲೆ ಗಂಡ ಹೆಂಡತಿ ಇಬ್ಬರೇ ಅದೇ ಜೀಪಿನಲ್ಲಿ ಕೂತು ಇಳಿಜಾರಿನಲ್ಲಿ ಒಂದು ಸುತ್ತು ಹೋಗಿ ಬರುತ್ತಾರೆ. ತಾನು ಮೊದಲು ಕೂರದೆ ಗಾಡಿಯನ್ನು ಇನ್ನೊಬ್ಬರ ಕೈಗೆ ಕೊಡುವುದಿಲ್ಲ, ಇದು ಕಲ್ಲೇಶಪ್ಪನ ನೇಮ. ಬಾಳೆಹೊನ್ನೂರಿನಲ್ಲಿ ಕೆಲಸ ಕಲಿಯುತ್ತಿದ್ದಾಗ ಅವನ ಮೇಸ್ತ್ರಿ "ಇಷ್ಟು ಸಾಕು ಬಿಡೋ" ಎಂದು ಅರ್ಧಂಬರ್ಧ ಗಾಳಿ ತೆಗೆದು ಒಂದು ಜೀಪನ್ನು ಕಳಿಸಿದ್ದ. ಅದು ಘಾಟಿಯ ಮೂರನೇ ತಿರುವಿನಲ್ಲಿ ರಸ್ತೆ ಬದಿಯ ದರೆಗೆ ಗುದ್ದಿತು. ಅದರಲ್ಲಿದ್ದ ಹೆಂಗಸು ಇವತ್ತಿಗೂ ಕೋಲು ಊರಿಕೊಂಡೇ ಸಂತೆಗೆ ಬರುತ್ತಾಳೆ. ಅವಳನ್ನು ಕಂಡರೆ ಕಲ್ಲೇಶಪ್ಪ ತಲೆ ಎತ್ತುವುದಿಲ್ಲ.

ಇಂಥವನ ತಲೆಗೆ ವಿಮಾನ ಹೊಕ್ಕಿದ್ದು ಏಳು ವರ್ಷದ ಹಿಂದೆ. ಕೊಪ್ಪದ ಕಡೆಯ ಕಾಫಿ ಸಾಹುಕಾರನೊಬ್ಬ ಎರಡು ಸೀಟಿನ ವಿಮಾನದ ಬಿಡಿಭಾಗಗಳನ್ನು ಪೆಟ್ಟಿಗೆಗಟ್ಟಲೆ ತರಿಸಿ, ಮನೆಯಲ್ಲೇ ಜೋಡಿಸುತ್ತೇನೆಂದು ಹೊರಟು, ಒಂದು ರೆಕ್ಕೆ ಆಗುವಷ್ಟರಲ್ಲಿ ಬೇಸತ್ತಿದ್ದ. ಜೀಪು ನೋಡಲು ಹೋದ ಕಲ್ಲೇಶಪ್ಪನಿಗೆ, "ಮೆಣಸಿನ ಚೀಲ ಇಡೋಕೆ ಜಾಗ ಇಲ್ಲ ಮಾರಾಯ, ಇದನ್ನ ತಗೊಂಡು ಹೋಗು" ಎಂದ. ಕಲ್ಲೇಶಪ್ಪ ಎರಡು ಟ್ರಿಪ್ ಟ್ರ್ಯಾಕ್ಟರಿನಲ್ಲಿ ತಂದು ಗ್ಯಾರೇಜಿನ ಹಿಂದಿನ ಅಡಿಕೆ ಸುಲಿಯುವ ಶೆಡ್ಡಿಗೆ ತುಂಬಿದ. ಅಂದಿನಿಂದ ಪ್ರತಿ ಕೊಯ್ಲಿಗೂ ಜಗಳ. ರೆಕ್ಕೆ ಅಟ್ಟಕ್ಕೆ, ಬಾಲ ಕೊಟ್ಟಿಗೆಗೆ, ಕೊಯ್ಲು ಮುಗಿದ ಮೇಲೆ ಎಲ್ಲ ವಾಪಸ್ಸು ಶೆಡ್ಡಿಗೆ. "ಬೆಕ್ಕು ಮರಿ ಸಾಗಿಸಿದ ಹಾಗೆ ಸಾಗಿಸ್ತೀರಿ. ಇದು ಹಾರೋದು ಯಾವಾಗ್ರೀ?" ಎಂದು ಪ್ರೇಮಕ್ಕ ಕೇಳುತ್ತಿದ್ದಳು.

ಈ ವರ್ಷ ಉತ್ತರ ಸಿಕ್ಕಿತ್ತು. ವಾಯುಪಡೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾಗಿ ನರಸಿಂಹರಾಜಪುರದಲ್ಲಿದ್ದ ವೀರಪ್ಪನವರು ಮೊದಲಿಂದಲೂ ಕೆಲಸ ನೋಡುತ್ತ, ತಪ್ಪು ತಿದ್ದುತ್ತ ಬಂದಿದ್ದರು. ಬಯಲುಸೀಮೆಯ ಒಂದು ಫ್ಲೈಯಿಂಗ್ ಕ್ಲಬ್ಬಿನ ಶೆಡ್ಡಿನಲ್ಲಿ ಒಂದೇ ಒಂದು ಜಾಗ ಖಾಲಿ ಇತ್ತು. ವೀರಪ್ಪನವರು ಸರಿಯಿದೆ ಎಂದು ಸಹಿ ಹಾಕಿ ಕಳಿಸಿದರೆ ವಿಮಾನ ಅಲ್ಲಿಗೆ ಹೋಗುತ್ತದೆ. ಅಲ್ಲಿನ ಪೈಲಟ್ ರಶ್ಮಿ ಎಂಬ ಹುಡುಗಿ ಮೊದಲ ಸಲ ಓಡಿಸಿ ನೋಡುತ್ತಾಳೆ. ಭಾನುವಾರ ಪರೀಕ್ಷೆ, ಸೋಮವಾರ ಲಾರಿ. ಸೋಮವಾರವೇ ಅಡಿಕೆ ಸುಲಿಯುವವರೂ ಬರುತ್ತಾರೆ. ಭಾನುವಾರ ತಪ್ಪಿದರೆ ವೀರಪ್ಪನವರು ಮಗಳ ಮನೆಗೆ ಹುಬ್ಬಳ್ಳಿಗೆ, ಕ್ಲಬ್ಬಿನ ಜಾಗ ಬೇರೆಯವರಿಗೆ, ರೆಕ್ಕೆ ಮತ್ತೆ ಅಟ್ಟಕ್ಕೆ.

ಬಾಕಿ ಉಳಿದಿದ್ದು ಬ್ರೇಕು ಒಂದೇ. ನಗು ಬರುವುದಿಲ್ಲವೇ? ಬ್ರೇಕು!

ಬುಧವಾರ ವೀರಪ್ಪನವರು ಒಂದು ಡಬ್ಬಿ ಕೆಂಪು ಎಣ್ಣೆ ತಂದು ಕೈಗಿಟ್ಟು, "ಇದು ಮಾತ್ರ ಹಾಕ್ಬೇಕು ಕಲ್ಲೇಶಪ್ಪ. ನಿನ್ನ ಜೀಪಿನ ಬ್ರೇಕ್ ಎಣ್ಣೆ ಈ ಸೀಲಿಗೆ ವಿಷ. ರಬ್ಬರ್ ಊದ್ಕೊಳ್ತದೆ. ಮೊದ್ಲು ಏನೂ ಗೊತ್ತಾಗಲ್ಲ, ಚೆನ್ನಾಗೇ ಹಿಡೀತದೆ. ಆಮೇಲೆ ಒಂದಿನ ಕೈ ಕೊಡ್ತದೆ" ಎಂದರು. ನಂತರ ಪುಸ್ತಕ ತೆಗೆದು, "ಗಾಳಿ ತೆಗೆಯೋದು ಹೆಂಗೆ ಅಂದ್ರೆ..." ಎಂದು ಶುರು ಮಾಡಿದರು.

"ಗಾಳಿ ತೆಗೆಯೋದು ನನಗೆ ಹೇಳ್ಕೊಡ್ಬೇಡಿ ಮಾರಾಯ್ರೆ" ಎಂದ ಕಲ್ಲೇಶಪ್ಪ.

ಅವರು ಪುಸ್ತಕ ಮುಚ್ಚಿ, ಕಾಫಿ ಕುಡಿದು ಹೋದರು.

ಗುರುವಾರ ಬೆಳಿಗ್ಗೆ ಚಕ್ರವನ್ನು ಕಚ್ಚಿ ಹಿಡಿಯುವ ಕ್ಯಾಲಿಪರ್ ಕೂರಿಸಿ ಪೈಪು ಬಿಗಿದಾಯಿತು. ಪ್ರೇಮಕ್ಕ ಸೀರೆ ಎತ್ತಿ ಕಟ್ಟಿ ಆ ಇಕ್ಕಟ್ಟಿನ ಸೀಟಿನೊಳಗೆ ಇಳಿದಳು. ವಿಮಾನದ ಬ್ರೇಕನ್ನು ಕಾಲಿನ ತುದಿಯಿಂದ ಒತ್ತಬೇಕು, ಎಡಚಕ್ರಕ್ಕೊಂದು, ಬಲಚಕ್ರಕ್ಕೊಂದು. ಒತ್ತು, ಹಿಡಿ, ಬಿಡು. ಗುಳ್ಳೆ ಬಂತು. ಒತ್ತು, ಹಿಡಿ, ಬಿಡು. ಮತ್ತೆ ಗುಳ್ಳೆ. ಮಧ್ಯಾಹ್ನದವರೆಗೂ ಗುಳ್ಳೆ. "ಈಗ?" ಎಂದರೆ, "ಹಲಸಿನಹಣ್ಣು ತುಳಿದ ಹಾಗಿದೆ" ಎಂದಳು.

ಶುಕ್ರವಾರವೂ ಅದೇ ಹಾಡು. ಕಲ್ಲೇಶಪ್ಪ ಪ್ರತಿಯೊಂದು ಜೋಡಣೆಯನ್ನೂ ಬಿಚ್ಚಿ ಮತ್ತೆ ಬಿಗಿದ. ಎಲ್ಲೂ ಸೋರಿಕೆ ಇಲ್ಲ. ಆದರೂ ಗಾಳಿ ಎಲ್ಲಿಂದ ಬರುತ್ತದೆ? ಜೀಪಿಗೆ ಎಣ್ಣೆ ಮೇಲಿನಿಂದ ಕೆಳಕ್ಕೆ ಒತ್ತಿದರೆ ಗುಳ್ಳೆ ಹೊರಬೀಳುತ್ತದೆ. ಇಲ್ಲಿ ಪೆಡಲಿಗೆ ಇರುವ ಓಟವೇ ಎರಡು ಬೆರಳಷ್ಟು, ಪೈಪು ಉದ್ದ. ಅವಳು ಕಾಲು ಬಿಟ್ಟ ಕೂಡಲೇ ಗುಳ್ಳೆ ಮತ್ತೆ ಮೇಲೇರಿ ಕೂರುತ್ತಿತ್ತು. ಹೊರಬಂದ ಎಣ್ಣೆಯನ್ನು ಮತ್ತೆ ಬಳಸುವ ಅಭ್ಯಾಸ ಅವನಿಗಿಲ್ಲ, ಚೆಲ್ಲಿಬಿಡುತ್ತಾನೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಡಬ್ಬಿ ಅರ್ಧಕ್ಕಿಂತ ಕೆಳಗೆ ಹೋಗಿತ್ತು.

ಆ ಹೊತ್ತಿಗೇ ಬರಬೇಕೇ ಜೀಪು ಓಡಿಸುವ ಕಾಂತೇಶ! ಬಂದವನು ಶೆಡ್ಡಿನ ಬಾಗಿಲಿಗೆ ಒರಗಿ ನಿಂತು ಸ್ವಲ್ಪ ಹೊತ್ತು ನೋಡಿದ. "ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿತ್ತಂತೆ, ಅಲ್ವಾ ಕಲ್ಲೇಶಪ್ಪಣ್ಣ?"

ಹದಿನಾಲ್ಕರ ಸ್ಪ್ಯಾನರ್ ಅವನ ಕಿವಿಯ ಪಕ್ಕದಲ್ಲೇ ಹಾರಿಹೋಯಿತು. ವಿಮಾನ ಹಾರದಿದ್ದರೂ ಸ್ಪ್ಯಾನರ್ ಹಾರಿತು ಎಂದು ಅವನು ಸಂಜೆಯೊಳಗೆ ಬಸ್‌ಸ್ಟ್ಯಾಂಡಿನಲ್ಲೆಲ್ಲ ಹೇಳಿ ಮುಗಿಸಿದ್ದ.

ಪ್ರೇಮಕ್ಕ ಸೀಟಿನಿಂದ ಎದ್ದು ಸೊಂಟ ಹಿಡಿದುಕೊಂಡಳು. "ನಾನೊಂದು ಮಾತು ಹೇಳ್ಲಾ? ಗುಡ್ಡದಿಂದ ನೀರು ಬರೋ ಪೈಪಿಗೆ ಗಾಳಿ ಹಿಡಿದ್ರೆ ನೀವೇ ಏನು ಮಾಡ್ತೀರಿ? ಕೆಳಗಿಂದ ಮೋಟರ್ ಹಚ್ಚಿ ನೀರು ಮೇಲಕ್ಕೆ ನೂಕಲ್ವಾ? ಗಾಳಿ ಮೇಲಕ್ಕೇ ಹೋಗೋದು. ನೀವು ಎರಡು ದಿನದಿಂದ ಅದನ್ನ ಕೆಳಗೆ ಎಳೀತಿದ್ದೀರಿ."

"ರೊಟ್ಟಿ ತಟ್ಟೋಳು ನೀನು, ಅದನ್ನ ನೋಡ್ಕೋ."

"ಹಂಗಾದ್ರೆ ಒತ್ತೋಕೂ ನೀವೇ ಕೂತ್ಕೊಳ್ಳಿ" ಎಂದು ಅವಳು ಹೊರಟೇಹೋದಳು.

ಅವಳು ಹೇಳಿದ್ದು ಸರಿ ಎಂದು ಕಲ್ಲೇಶಪ್ಪನಿಗೆ ಆ ಕ್ಷಣವೇ ಹೊಳೆದಿತ್ತು. ಹೊಳೆದದ್ದಕ್ಕೇ ಕೋಪ ಇಮ್ಮಡಿಯಾಗಿತ್ತು. ಮೂವತ್ತೆರಡು ವರ್ಷ ತಾನು ಮಾಡಿದ ಕೆಲಸವನ್ನು ಒಂದು ನೀರಿನ ಪೈಪು ಸುಳ್ಳು ಮಾಡುವುದೆಂದರೇನು! ಪುಸ್ತಕದಲ್ಲೂ ಅದನ್ನೇ ಬರೆದಿತ್ತೋ ಏನೋ. ಕೇಳುವ ತಾಳ್ಮೆ ಯಾರಿಗಿತ್ತು?

ಶನಿವಾರ ಅವಳು ಹಾಲು ಹಾಕಲು ಹೋದ ಹೊತ್ತಿನಲ್ಲಿ, ದನಕ್ಕೆ ಔಷಧಿ ಕುಡಿಸುವ ದೊಡ್ಡ ಸಿರಿಂಜನ್ನು ತೊಳೆದು ಒಣಗಿಸಿ, ತುದಿಗೊಂದು ಪೈಪು ಸಿಕ್ಕಿಸಿ ಎಡಚಕ್ರದ ನಿಪ್ಪಲಿಗೆ ಹಚ್ಚಿದ. ಕೆಂಪು ಎಣ್ಣೆಯನ್ನು ಕೆಳಗಿನಿಂದ ನಿಧಾನವಾಗಿ ನೂಕಿದ. ಮೇಲೆ ಪೆಡಲಿನ ಹತ್ತಿರದ ಎಣ್ಣೆ ಬಟ್ಟಲಿನಲ್ಲಿ ಗುಳುಗುಳು ಎಂದು ಗುಳ್ಳೆಗಳು ಎದ್ದವು, ಎದ್ದವು, ನಿಂತವು. ಹತ್ತೇ ನಿಮಿಷ. ಪೆಡಲನ್ನು ಕೈಯಿಂದ ಒತ್ತಿ ನೋಡಿದರೆ ಕಲ್ಲು! ಖುಷಿಪಡಬೇಕೋ, ಎರಡು ದಿನ ಹಾಳು ಮಾಡಿದ್ದಕ್ಕೆ ತಲೆ ಚಚ್ಚಿಕೊಳ್ಳಬೇಕೋ ಅವನಿಗೆ ತಿಳಿಯಲಿಲ್ಲ.

ಬಲಚಕ್ರಕ್ಕೆ ಬಂದ. ಒಂದು ಸಿರಿಂಜ್ ಹೋಯಿತು, ಎರಡು ಹೋಯಿತು. ಗುಳ್ಳೆ ಇನ್ನೂ ಬರುತ್ತಿತ್ತು. ಮೂರನೆಯದಕ್ಕೆ ಕೆಂಪು ಎಣ್ಣೆ ಮುಗಿಯಿತು. ಡಬ್ಬಿಯನ್ನು ಬೋರಲು ಹಾಕಿ ಬಡಿದ, ನಾಲ್ಕು ತೊಟ್ಟು. ಚೆಲ್ಲಿದ್ದೆಲ್ಲ ಮಣ್ಣಿನಲ್ಲಿ ಇಂಗಿತ್ತು. ಇನ್ನೊಂದು ಸಿರಿಂಜ್ ಸಾಕು, ಒಂದೇ ಒಂದು! ಆ ಎಣ್ಣೆ ಶಿವಮೊಗ್ಗದಲ್ಲೂ ಸಿಗುವುದಿಲ್ಲ. "ಥೂ, ಇದರ ಮನೆ ಹಾಳಾಗ!" ಎಂದು ಡಬ್ಬಿಯನ್ನು ಒದ್ದ. ಎದುರಿಗೇ ಗೋಡೆಯ ಹಲಗೆಯ ಮೇಲೆ ಜೀಪಿನ ಬ್ರೇಕ್ ಎಣ್ಣೆ ಇತ್ತು, ಮೂವತ್ತೆರಡು ವರ್ಷದಿಂದ ಇದ್ದ ಜಾಗದಲ್ಲೇ. ಕೈ ತಾನಾಗಿ ಹೋಯಿತು ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ. ತಾನಾಗಿ ಏನೂ ಹೋಗಲಿಲ್ಲ. ಮುಚ್ಚಳ ತೆಗೆಯುವಾಗ ಒಮ್ಮೆ ಬಾಗಿಲ ಕಡೆ ನೋಡಿದ್ದ.

ಪ್ರೇಮಕ್ಕ ಬಂದು, ಸೀಟಿಗೆ ಇಳಿದು, ಎರಡೂ ಪೆಡಲ್ ಒತ್ತಿದಳು. ಮತ್ತೊಮ್ಮೆ ಒತ್ತಿದಳು. "ಗಾಳಿ ಹೋಯ್ತು" ಎಂದಳು. ಕೆಳಗಿಂದ ನೂಕಿದ್ರಾ ಎಂದು ಕೇಳಲಿಲ್ಲ. ಸಿರಿಂಜು ಅಲ್ಲೇ ಬಿದ್ದಿತ್ತು.

ಭಾನುವಾರ ಹತ್ತು ಗಂಟೆಗೆ ವೀರಪ್ಪನವರು ಬಂದರು. ರೆಕ್ಕೆ ಕಟ್ಟದ ವಿಮಾನವನ್ನು ಅಡಿಕೆ ಒಣಗಿಸುವ ಅಂಗಳಕ್ಕೆ ತಳ್ಳಿದರು. ಇಂಜಿನನ್ನು ಪೂರ್ತಿ ಜೋರು ಮಾಡಿದಾಗಲೂ ಬ್ರೇಕು ವಿಮಾನವನ್ನು ಹಿಡಿದು ನಿಲ್ಲಿಸಬೇಕು, ಅದೇ ಪರೀಕ್ಷೆ. "ಕಾಲು ಪ್ರೇಮಕ್ಕಂದೇ ಇರ್ಲಿ" ಎಂದು ಅವರು ಅವಳನ್ನೇ ಕೂರಿಸಿ, ತಾವು ಪಕ್ಕದ ಸೀಟಿನಲ್ಲಿ ಕೂತರು. ಇಂಜಿನ್ ಏರಿತು. ಅಂಗಳದ ತರಗೆಲೆಯೆಲ್ಲ ಹಾರಿ ಬೇಲಿಗೆ ಬಡಿಯಿತು. ಮೂಗು ಬಗ್ಗಿಸಿ, ಕಟ್ಟಿದ ಎತ್ತಿನ ಹಾಗೆ ವಿಮಾನ ಜಗ್ಗಿತು. ಚಕ್ರ ಒಂದು ಅಂಗುಲವೂ ಕದಲಲಿಲ್ಲ.

ಬೇಲಿಯಾಚೆ ನಿಂತಿದ್ದ ಕಾಂತೇಶ ಶಿಳ್ಳೆ ಹಾಕಿದ. ಕಲ್ಲೇಶಪ್ಪ ನಗಲಿಲ್ಲ. ಅವನ ಕಣ್ಣು ಬಲಚಕ್ರದ ಮೇಲಿತ್ತು.

ವೀರಪ್ಪನವರು ಇಳಿದು ಬಂದು ಕಟ್ಟೆಯ ಮೇಲೆ ಕಾಗದ ಹರಡಿದರು. "ಭೇಷ್ ಕಲ್ಲೇಶಪ್ಪ. ಬ್ರೇಕ್ ಯಾರು ಮಾಡಿದ್ದು ಅಂತ ರಶ್ಮಿ ಫೋನಲ್ಲಿ ಕೇಳಿದ್ಲು. ಬ್ರೇಕ್ ಬಗ್ಗೆ ನೀನು ಯೋಚ್ನೆ ಮಾಡ್ಬೇಡಮ್ಮ ಅಂತ ಹೇಳಿದ್ದೀನಿ. ಬರೋ ಬುಧವಾರ ಅವಳೇ ಕೂತು ಓಡಿಸ್ತಾಳೆ" ಎನ್ನುತ್ತ ಜೇಬಿನಿಂದ ಪೆನ್ನು ತೆಗೆದರು.

ಜೀಪಾದರೆ ತಾನು ಮೊದಲು ಕೂರುತ್ತಿದ್ದ. ಇದರಲ್ಲಿ ಕೂರುವವಳು ಮುಖ ಕಂಡಿರದ ಯಾವಳೋ ಹುಡುಗಿ. ಏಳು ವರ್ಷ! ಒಂದು ಸಿರಿಂಜ್ ಎಣ್ಣೆಗೆ ಏಳು ವರ್ಷ! ಕೋಲು ಊರಿಕೊಂಡು ಸಂತೆಗೆ ಬರುವವಳು ಎಲ್ಲಿಂದಲೋ ಬಂದು ಅಂಗಳದಲ್ಲಿ ನಿಂತ ಹಾಗಾಯಿತು.

"ಸಹಿ ಹಾಕ್ಬೇಡಿ" ಎಂದ. ಬೈದ ಹಾಗೆ ಬಂತು ಮಾತು.

"ಯಾಕೋ?"

"ಬಲಗಡೆ ನನ್ನ ಜೀಪಿನ ಎಣ್ಣೆ ಇದೆ. ಕೆಂಪು ಎಣ್ಣೆ ಖಾಲಿ ಆಯ್ತು. ಹಾಕ್ದೆ."

ವೀರಪ್ಪನವರು ಪೆನ್ನಿಗೆ ಕ್ಯಾಪ್ ಹಾಕಿದರು. "ಸೀಲು ಬದಲಾಯಿಸ್ಬೇಕು. ಹೊರದೇಶದಿಂದ ಬರೋಕೆ ನಾಲ್ಕು ತಿಂಗಳು. ಆ ಜಾಗ ಹೋಗ್ತದೆ, ನಿನಗೆ ಗೊತ್ತಲ್ಲ?"

"ಗೊತ್ತು ಮಾರಾಯ್ರೆ. ಎಲ್ಲ ಗೊತ್ತು. ಹೊರಡಿ ನೀವು!"

ಅವರು ಅವನ ಹೆಗಲ ಮೇಲೆ ಒಮ್ಮೆ ಕೈಯಿಟ್ಟು, ಕಾಗದ ಮಡಚಿಕೊಂಡು ಹೋದರು. ಕಾಂತೇಶನೂ ಜಾಗ ಖಾಲಿ ಮಾಡಿದ. ಕಲ್ಲೇಶಪ್ಪ ಬಲಚಕ್ರದ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ಯಾರನ್ನು ಬೈಯಬೇಕೆಂದು ತಿಳಿಯದೆ ಟೈರಿಗೆ ಒಂದು ಗುದ್ದು ಗುದ್ದಿದ. ಕೈ ನೋವಾಯಿತು.

ಪ್ರೇಮಕ್ಕ ಇನ್ನೂ ಸೀಟಿನಲ್ಲೇ ಇದ್ದಳು. "ಬೆಳಿಗ್ಗೆ ಅಂಗಿ ಒಗೆಯುವಾಗ್ಲೇ ವಾಸನೆ ಬಂತು" ಎಂದಳು. "ಎರಡು ದಿನ ಅಂಗಿ ಸೀಮೆಎಣ್ಣೆ ಥರ ನಾರ್ತಿತ್ತು. ನಿನ್ನೆದು ಮಾತ್ರ ಹಳೇ ವಾಸನೆ. ಮೂವತ್ತೆರಡು ವರ್ಷ ಒಗೆದಿದ್ದೀನಿ, ನನಗೆ ಗೊತ್ತಾಗಲ್ವಾ?"

ಅವನು ತಲೆ ಎತ್ತಿದ. "ಗೊತ್ತಿದ್ದೂ ಒತ್ಕೊಂಡು ಕೂತಿದ್ಯಾ? ಅವರು ಸಹಿ ಹಾಕಿಬಿಟ್ಟಿದ್ರೆ?"

"ಪೆನ್ನು ಕಾಗದಕ್ಕೆ ಮುಟ್ಟಿದ್ರೆ ನಾನೇ ಹೇಳ್ತಿದ್ದೆ. ನಿಮ್ಮ ಬಾಯಲ್ಲೇ ಬರ್ಲಿ ಅಂತ ಕಾಯ್ತಿದ್ದೆ."

"ಬರದೇ ಇದ್ದಿದ್ರೆ?"

"ಇನ್ನು ನಿಮ್ಮ ಯಾವ ಗಾಡಿಗೂ ನಾನು ಕಾಲು ಕೊಡ್ತಿರ್ಲಿಲ್ಲ" ಎಂದಳು ಪ್ರೇಮಕ್ಕ. "ಹೂಂ, ಬಿಚ್ಚಿ ಈಗ, ಆ ಎಣ್ಣೆ ಹೊರಗೆ ಹೋಗ್ಲಿ. ನಾಳೆ ಸುಲಿಯೋರು ಬರ್ತಾರೆ. ಒತ್ಲಾ?"

ಕಲ್ಲೇಶಪ್ಪ ಸ್ಪ್ಯಾನರ್ ತಗೊಂಡು ನಿಪ್ಪಲ್ ಸಡಿಲಿಸಿದ.

"ಒತ್ತು" ಎಂದ.