ನಾನು ಹೊಡೆದುಹಾಕಿದ ‘ದಂಡಿ’

ಮೂರು ವರ್ಷಗಳ ಹಿಂದಿನ ಮುಂಗಾರಿನಲ್ಲಿ ನಾನು ಶಿಗ್ಗಾಂವದ ಒಂದು ಪರಿಸರ ಯೋಜನೆಯ ಕಚೇರಿಯಲ್ಲಿ ಪರಿಭಾಷಾ ಸಹಾಯಕಿಯಾಗಿದ್ದೆ. ನಾರ್ವೆಯ ವಿಜ್ಞಾನಿಗಳು ಹುಲಗೂರಿನ ಕಡೆಯ ಹಳ್ಳವೊಂದನ್ನು ಅಧ್ಯಯನ ಮಾಡುತ್ತಿದ್ದರು. ಅವರ ಟಿಪ್ಪಣಿಗಳು ನಾರ್ವೇಜಿಯನ್‌ನಲ್ಲಿ, ವರದಿಗಳು ಇಂಗ್ಲಿಷಿನಲ್ಲಿ, ಊರಿನವರಿಗೆ ಹಂಚುವ ಕಾಗದಗಳು ಕನ್ನಡದಲ್ಲಿ. ಮೂರನ್ನೂ ಹೊಂದಿಸುವ ಪದಪಟ್ಟಿ ನನ್ನ ಹೊಣೆ. ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ, ಆರು ತಿಂಗಳು ನಾರ್ವೆಯಲ್ಲಿ ಓದಿ ಬಂದವಳು ನಾನು. ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗಲೂ ಅಜ್ಜ ಸಮಾಸ ಬಿಡಿಸಲು ಹೇಳುತ್ತಿದ್ದರು. ಪದ ಕಟ್ಟುವುದು ನಮ್ಮ ಮನೆತನದ ಸ್ವತ್ತೆಂದೇ ನಂಬಿದ್ದೆ.

ಹೊಟ್ಟೆಕಿಚ್ಚು ಮೊದಲು ಹುಟ್ಟಿದ್ದು ನಾರ್ವೇಜಿಯನ್ ಭಾಷೆಯ ಮೇಲೆ. ಇಂಗ್ಲಿಷಿನವರ ‘ಕ್ಯಾಚ್‌ಮೆಂಟ್’ ಅಲ್ಲಿ ‘ನೇಡ್‌ಬೋರ್‌ಫೆಲ್ಟ್’, ಅಂದರೆ ಮಳೆ ಬೀಳುವ ಹೊಲ. ಗ್ರೀಕಿನಿಂದ ಬಂದ ‘ಯೂಟ್ರೋಫಿಕೇಶನ್’ ಎಂಬ ಮಾತಿಗೆ ಅವರು ಗೊಬ್ಬರ ಅತಿಯಾಗುವುದು ಎಂಬರ್ಥದ ಮನೆಮಾತನ್ನೇ ಬಳಸುತ್ತಾರೆ. ಅಲ್ಲಿಯ ರೈತ ತನ್ನ ಮಾತಿನಲ್ಲೇ ವಿಜ್ಞಾನಿಯೊಂದಿಗೆ ಜಗಳ ಕಾಯಬಲ್ಲ. ಈ ಕಿಚ್ಚು ನನಗೆ ಪಾಠವಾಗಬೇಕಿತ್ತು. ಆಗಲಿಲ್ಲ.

ರೇಣುಕಾ ನಮ್ಮ ಕ್ಷೇತ್ರ ಸಹಾಯಕಿ. ಹುಲಗೂರಿನ ಹತ್ತಿರದ ಊರಿನಲ್ಲಿ ಎರಡೆಕರೆ ಉಳುವ ಬೌದ್ಧ ಕುಟುಂಬದವಳು, ಬಿ.ಎ. ಓದಿದವಳು. ಒಂದು ದಿನ ಯೋಜನೆಯ ವಿಜ್ಞಾನಿ ಇಂಗ್ರಿಡ್ ‘ಕಾಂತ್‌ಸೂನೆ’ಗೆ ಕನ್ನಡದಲ್ಲಿ ಏನೆನ್ನುತ್ತೀರಿ ಎಂದು ಕೇಳಿದರು. ಹೊಲಕ್ಕೂ ಹಳ್ಳಕ್ಕೂ ನಡುವೆ ಉಳದೆ ಬಿಡುವ, ಗಿಡಗಂಟಿ ಬೆಳೆದ ಅಂಚು ಅದು. ಹೊಲದಿಂದ ಹರಿದುಬರುವ ಗೊಬ್ಬರ, ಔಷಧಿ ನೀರಿಗಿಳಿಯದಂತೆ ತಡೆಯುತ್ತದೆ. ನಾನು ಬಾಯಿ ತೆರೆಯುವ ಮೊದಲೇ ರೇಣುಕಾ ನಕ್ಕಳು.

“ಅದಕ್ಯಾಕ್ರಿ ಅಕ್ಕಾರ ಹೊಸಾ ಹೆಸರು? ಹಳ್ಳದ ದಂಡಿ ಅಂತಾರ. ದಂಡಿ ಬಿಟ್ಟು ರಂಟಿ ಹೊಡೀರಿ ಅಂದ್ರ ಸಣ್ಣ ಹುಡುಗಗೂ ತಿಳೀತೈತಿ.”

ಇಂಗ್ರಿಡ್ ಆ ದಿನವೆಲ್ಲ ‘ದಂಡಿ, ದಂಡಿ’ ಎಂದು ನಾಲಿಗೆಯ ಮೇಲೆ ಹೊರಳಿಸುತ್ತ ಓಡಾಡಿದರು. ಊಟಕ್ಕೆ ರೇಣುಕಾಳನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಅವರ ಭಾಷೆ ಕಲಿತು ಬಂದವಳು ನಾನು. ನನ್ನನ್ನು ಅವರು ಇಷ್ಟು ಆಸೆಯಿಂದ ಏನನ್ನೂ ಕೇಳಿರಲಿಲ್ಲ.

ಸಂಜೆ ರೇಣುಕಾ ಬರೆದ, ಊರಿನ ತಿಳುವಳಿಕೆ ಪತ್ರದ ಕರಡು ನನ್ನ ಮೇಜಿಗೆ ಬಂತು. ಮುಂದಿನ ವಾರ ಹಳ್ಳದ ಅಂಚಿನ ಅಳತೆ ನಡೆಯುತ್ತದೆ ಎಂಬ ಸೂಚನೆ ಅದು. ‘ದಂಡಿ’ಯನ್ನು ನನ್ನ ಹಸಿರು ಪೆನ್ನಿನಿಂದ ಹೊಡೆದು ‘ತೀರವರ್ತಿ ಸಂರಕ್ಷಿತ ವಲಯ’ ಎಂದು ಬರೆದೆ. ಶಾಸ್ತ್ರೀಯತೆಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಯೋಜನಾಧಿಕಾರಿಗಳು ಓದದೆ ಸಹಿ ಹಾಕಿದರು. ಹಂಚಿದವಳು ರೇಣುಕಾ.

ಅಳತೆಗೆ ಹೋದ ದಿನ ಹಳ್ಳದ ಅಂಚು ಬೋಳಾಗಿತ್ತು. ಹೊಂಗೆಯ ಬೊಡ್ಡೆಗಳು ಇನ್ನೂ ಹಸಿಯಾಗಿದ್ದವು. ಲಕ್ಕಿಯ ಪೊದೆಗಳು ರಾಶಿ ಬಿದ್ದಿದ್ದವು. ನೀರಿನವರೆಗೂ ರಂಟೆ ಹೊಡೆದ ಹೊಸ ಉಳುಮೆ. ಹೊಲದ ಒಡೆಯ ಫಕೀರಪ್ಪ ಬದುವಿನ ಮೇಲೆ ಕೊಡಲಿ ಹಿಡಿದು ಕೂತಿದ್ದ.

“ಯಾಕ ಕಡದ್ರಿ ಕಾಕಾ?” ರೇಣುಕಾ ಕೇಳಿದಳು.

“ನೀನ ಕೊಟ್ಟ ಕಾಗದ ತಂಗಿ. ಸಂರಕ್ಷಿತ ವಲಯ ಅಂತ ಬರದೈತಿ. ಬಂಕಾಪುರದಾಗ ನವಿಲಿಗೆ ಜಾಗಾ ಬಿಟ್ಟಂಗ ಇಲ್ಲೂ ಬಿಡಸ್ತಾರ ಅಂತ ಊರೆಲ್ಲಾ ಗುಲ್ಲಾತು. ಗಿಡ ಇದ್ರ ಸರ್ಕಾರದ್ದು, ರಂಟಿ ಹೊಡದ್ರ ನಂದು.” ಕೊಡಲಿಯನ್ನು ಕೆಳಗಿಟ್ಟ. “ನಮ್ಮಪ್ಪ ಹಚ್ಚಿದ ಹೊಂಗಿ ಅವು. ನನಗೇನು ಹೌಸೇನು ಕಡಿಯಾಕ?”

ಅವನೊಬ್ಬನೇ ಅಲ್ಲ, ಆ ದಡದ ಹೊಲದವರೆಲ್ಲ ಕಡಿದಿದ್ದರು. ಉಳಿಸಲು ಬರೆದ ಕಾಗದವೇ ಅಂಚನ್ನು ಬೋಳಿಸಿತ್ತು.

ಕಚೇರಿಯಲ್ಲಿ ಅಧಿಕಾರಿಗಳು ತಕ್ಷಣ ತೀರ್ಪು ಕೊಟ್ಟರು: “ಊರಾಗ ಹೋಗಿ ಹೇಳಿದಾಕಿ ಆಕಿ. ತಿಳಿಸಿ ಹೇಳಾಕ ಬರಲಿಲ್ಲ ಅಂದ್ರ ಆಕೀನ್ನ ಬಿಡಸೂಣು.” ನಾನು ಅಲ್ಲೇ ಇದ್ದೆ. ಹಸಿರು ಗೀಟಿನ ಆ ಕರಡು ನನ್ನ ಮೇಜಿನ ಮೇಲೇ ಇತ್ತು, ತೋರಿಸಲಿಲ್ಲ. ರೇಣುಕಾಳ ಕೆಲಸ ಹೋದರೆ ಪದಪಟ್ಟಿ ಮತ್ತೆ ನನ್ನೊಬ್ಬಳದಾಗುತ್ತದೆ ಎಂಬ ಯೋಚನೆ ಒಂದು ಕ್ಷಣ ಸಿಹಿಯಾಗಿಯೇ ಸುಳಿದುಹೋಯಿತು. ಆ ಸಿಹಿಗೆ ನಾನೇ ಹೆದರಿದೆ.

ಎರಡು ದಿನ ಕಳೆದ ಮೇಲೆ, ಪರಿಶೀಲನಾ ಸಭೆಯಲ್ಲಿ ಹಳೆಯ ಕರಡನ್ನು ಮೇಜಿನ ಮೇಲಿಟ್ಟೆ. “ಈ ಪದ ಹೊಡೆದವಳು ನಾನು. ರೇಣುಕಾ ಸರಿಯಾದದ್ದನ್ನೇ ಬರೆದಿದ್ದಳು,” ಎಂದೆ. ಇಂಗ್ರಿಡ್ ಕಾಗದವನ್ನು ತೆಗೆದು ತಮ್ಮ ಕಡತದಲ್ಲಿಟ್ಟುಕೊಂಡರು. ಪದಪಟ್ಟಿಯನ್ನು ರೇಣುಕಾಳಿಗೆ ಒಪ್ಪಿಸಿದರು. ನನ್ನನ್ನು ಅವಳ ಕೈಕೆಳಗೆ ಹಾಕಿದರು. ಓದದೆ ಸಹಿ ಹಾಕಿದ ಅಧಿಕಾರಿಗಳನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂದು ನಾನು ಅಂದೂ ಕೇಳಿದೆ, ಇಂದೂ ಕೇಳುತ್ತಿದ್ದೇನೆ. ಓದದ ಕಾಗದಕ್ಕೆ ಬೀಳುವ ಸಹಿಯೂ ಒಂದು ಕೊಡಲಿಯೇ.

ಹೊರಗೆ ಚಹಾದ ಗಾಡಿಯ ಹತ್ತಿರ ರೇಣುಕಾ ನಿಂತಿದ್ದಳು. ಕ್ಷಮಿಸು ಎನ್ನಲು ಹೋದೆ.

“ನನಗ ಗೊತ್ತಿತ್ರಿ ಅಕ್ಕಾರ. ತಿದ್ದಿದ ಕರಡು ನಿಮ್ಮ ಮೇಜಿನ ಮ್ಯಾಗ ಕಂಡಿದ್ದೆ. ಈ ಆಫೀಸಿನ್ಯಾಗ ಹಸರ ಪೆನ್ನು ಮತ್ತ ಯಾರ ಕಡೆ ಐತಿ? ನೀವ ಹೇಳ್ತೀರೇನು ಅಂತ ಎರಡು ದಿನ ಕಾದೆ.” ಚಹಾ ಕುಡಿದು ಲೋಟ ಇಟ್ಟಳು. “ಹೇಳ್ದಿದ್ರ ನಾನ ಹೇಳಾಕಿ ಇದ್ದೆ, ನಾಳೆ.”

ಈಗ ನಮ್ಮ ಪಟ್ಟಿಯಲ್ಲಿ ಮೂರು ಭಾಷೆಗಳ ಆಚೆ ನಾಲ್ಕನೆಯ ಕಾಲಂ ಇದೆ: ಪದ ಕೊಟ್ಟವರು ಯಾರು, ತಿದ್ದಿದವರು ಯಾರು, ಊರಿನಲ್ಲಿ ಯಾರಿಗೆ ಓದಿ ತೋರಿಸಲಾಯಿತು. ರೇಣುಕಾ ಹಾಕಿಸಿದ ನಿಯಮವದು. ಪದವನ್ನು ಆರಿಸುವವರು ಅದರ ಫಲಕ್ಕೂ ಹೆಸರು ಕೊಡಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ‘ದಂಡಿ’ಯ ಮುಂದೆ ಅವಳ ಹೆಸರಿದೆ, ಅದರ ಕೆಳಗೆ ‘ಹೊಡೆದುಹಾಕಿದವರು’ ಎಂದು ನನ್ನದು. ಆ ಸಾಲು ಕಂಡಾಗಲೆಲ್ಲ ಹಳೆಯ ಕಿಚ್ಚು ಇಂದಿಗೂ ಒಮ್ಮೆ ಏಳುತ್ತದೆ. ಆಗ ಫಕೀರಪ್ಪನ ಹೊಲದ ಕಡೆ ಹೋಗಿ ಬರುತ್ತೇನೆ. ಬೊಡ್ಡೆಗಳು ಚಿಗುರಿವೆ, ಆಳೆತ್ತರ.