ಮುಂದಿನ ಎರಡು ಸೊನ್ನೆ

ಜಗಳೂರಿನ ಒಂದು ವಿಮಾ ಕಚೇರಿ. ಪಾಲಿಸಿದಾರರ ದಾಖಲೆ ತರಿಸಲು ನಾನು ಬರೆದ ಸ್ಕ್ರಿಪ್ಟ್ ಎಷ್ಟು ಸಲ ಕೇಳಿದರೂ ಮುಖ್ಯ ಕಚೇರಿಯ ಹಳೇ ದೊಡ್ಡ ಕಂಪ್ಯೂಟರಿನ, ಅಂದರೆ ಮೇನ್‌ಫ್ರೇಮಿನ, ಪ್ರೋಗ್ರಾಂ ‘ದಾಖಲೆ ಇಲ್ಲ’ ಎಂದೇ ಉತ್ತರಿಸುತ್ತಿತ್ತು. ಕಣ್ಣಿನ ಆಪರೇಷನ್ನಿಗೆ ವಿಮೆಯ ಒಪ್ಪಿಗೆ ಬೇಕಿದ್ದ ನಿವೃತ್ತ ಟೀಚರ್ ರುದ್ರಮ್ಮ ಬೆಳಗಿನಿಂದ ನನ್ನೆದುರೇ ಕೂತಿದ್ದರು.

“ನನ್ನ ನಂಬರ್ ಹೆಂಗೆ ಕಳಿಸ್ತೀರಿ?” ಎಂದು ಕೇಳಿದರು.

“ಕಾರ್ಡಿನಲ್ಲಿರೋ ಹಾಗೇ ಮೇಡಂ, ಆರು ಅಂಕಿ.”

“ಹಳೇ ಫಾರಂನಾಗೆ ಎಂಟು ಚೌಕ ಇದ್ವು ರೀ. ನಂಬರಿಗೆ ಮೊದಲಿನ ಎರಡರಾಗೆ ಸೊನ್ನೆ ಬರೀದಿದ್ರೆ ಫಾರಂ ವಾಪಸ್ ಬರ್ತಿತ್ತು. ಇದಕ್ಕೂ ಹಾಕಿ ನೋಡ್ರಿ.”

ನಂಬಿಕೆಯಿಲ್ಲದೆಯೇ ಹಾಕಿದೆ. ಅವರ ದಾಖಲೆ ಪೂರ್ತಿ ತೆರೆದುಕೊಂಡಿತು. ಒಪ್ಪಿಗೆ ಪತ್ರವನ್ನು ಕಣ್ಣಿನ ಹತ್ತಿರ ಹಿಡಿದು ಓದಿಕೊಂಡ ರುದ್ರಮ್ಮ, “ಎಲ್ಲಿ ತನಕ ಓದೀರಿ?” ಎಂದು ವಿಚಾರಿಸಿದರು.

ಎಂಜಿನಿಯರಿಂಗ್ ಅನ್ನಲು ನಾಚಿಕೆಯಾಗಿ, ಪಿಯುಸಿ ಅಂದೆ.